ಮಾಳಿಗೆಯ ಮಣ್ಣು, ಹಿತ್ತಲ ಮಣ್ಣು: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಸಾವಯವ ಕೈತೋಟದ ಆರಂಭ ಕುರಿತು ಒಂದು ಟಿಪ್ಪಣಿ

ರಾಯಚೂರು ಸೀಮೆಯ ಹಳೆಯ ಮಾಳಿಗೆ ಮನೆಗಳ ಮೇಲೆ ಹಾಸುತ್ತಿದ್ದ ಮಣ್ಣು ಯಾವುದೆಂದು ಹಿರಿಯರನ್ನು ಕೇಳಿದರೆ ತಡವಿಲ್ಲದೆ ಉತ್ತರ ಬರುತ್ತದೆ: ಸವಳು ಮಣ್ಣು. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಮತ್ತು ತಪ್ಪಲು, ಎಲ್ಲದರ ಮೇಲೆ ದಪ್ಪಗೆ ಮಣ್ಣು. ಮುಂಗಾರು ಹಿಡಿಯುವ ಮೊದಲು ಊರ ಹೊರಗಿನ ಸವಳು ನೆಲದಿಂದ ಹೊಸ ಮಣ್ಣು ಹೇರಿಕೊಂಡು ಬಂದು ಮಾಳಿಗೆಯ ಮೇಲೆ ತೆಳ್ಳಗೆ ಹರಡುವುದು ವರ್ಷದ ಕೆಲಸಗಳಲ್ಲೊಂದಾಗಿತ್ತು. ಮೊದಲ ಹನಿಗಳು ಬೀಳುತ್ತಲೇ ಆ ಮಣ್ಣು ಕದಡಿ, ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟೇ ಮಳೆ ಬಂದರೂ ನೀರು ಒಳಗಿಳಿಯದೆ ಹರನಾಳಿಗೆಯಿಂದ ಅಂಗಳಕ್ಕೆ ಬೀಳುತ್ತದೆ. ಮನೆ ಸೋರದಿರಲು ಬೇಕಾದ ಗುಣ ಇದು. ಇದೇ ಗುಣ ಹಿತ್ತಲ ಮಣ್ಣಿಗೆ ಬಂದರೆ ಅಲ್ಲಿ ಮೆಂತ್ಯೆ ಕೂಡ ಮೇಲೇಳುವುದಿಲ್ಲ.

ಈ ಟಿಪ್ಪಣಿಯ ವಾದವೆಲ್ಲ ಆ ಎರಡು ಮಣ್ಣುಗಳ ನಡುವೆ ಇದೆ. ಕನ್ನಡದಲ್ಲಿ ಮನೆತೋಟದ ಬಗ್ಗೆ ಬಂದಿರುವ ಬರಹಗಳು ಹೆಚ್ಚಾಗಿ ಗೊಬ್ಬರದಿಂದ ಆರಂಭವಾಗುತ್ತವೆ: ಕಾಂಪೋಸ್ಟ್ ಗುಂಡಿ, ಎರೆಹುಳು, ಜೀವಾಮೃತ. ಬೆಂಗಳೂರಿನ ಕೆಂಪು ಮಣ್ಣಿಗೆ, ಮಲೆನಾಡಿನ ಹುಳಿ ಮಣ್ಣಿಗೆ ಈ ಕ್ರಮ ಸರಿಯಿರಬಹುದು. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಸಿಂಧನೂರಿಗೆ, ಎರೆ ಮತ್ತು ಮಸಾರಿ ಬೆರೆತ ಮಸ್ಕಿಗೆ, ಕೊಳವೆಬಾವಿ ನಂಬಿದ ಲಿಂಗಸುಗೂರಿಗೆ ಅದನ್ನು ಹಾಗೆಯೇ ತಂದರೆ ಮೊದಲ ವರ್ಷವೇ ಕೈಸೋಲುತ್ತದೆ. ಇಲ್ಲಿ ಮೊದಲು ತಿಳಿಯಬೇಕಾದದ್ದು ಮಣ್ಣಿನಲ್ಲಿ, ನೀರಿನಲ್ಲಿ ಇರುವ ಸೋಡಿಯಂ. ಗೊಬ್ಬರದ ಮಾತು ಆಮೇಲೆ.

ಹಿನ್ನೆಲೆ ಚುಟುಕಾಗಿ. ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಎಡದಂಡೆಯ ಯೋಜನೆ ಬರಗಾಲದಿಂದ ರಕ್ಷಿಸುವ ನೀರಾವರಿಯಾಗಿತ್ತು. ಸ್ವಲ್ಪ ನೀರನ್ನು ಹೆಚ್ಚು ನೆಲಕ್ಕೆ ಹಂಚಿ ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗಳನ್ನು ಉಳಿಸುವುದು ಅದರ ಲೆಕ್ಕ. ಭತ್ತಕ್ಕೆ ಸಣ್ಣ ಪಾಲು ಮಾತ್ರ ಇತ್ತು. ನೆಲ ನಡೆದದ್ದು ಬೇರೆ ದಾರಿ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೆಳಭಾಗದ ರೈತರಿಗೆ ನೀರು ಕಡಿಮೆಯಾಯಿತು. ಪೀಟರ್ ಮೊಲಿಂಗಾ ಇದನ್ನೇ ವಸ್ತುವಾಗಿಸಿಕೊಂಡು ಈ ಕಾಲುವೆಯ ಮೇಲೆ ಒಂದು ಇಡೀ ಗ್ರಂಥ ಬರೆದಿದ್ದಾರೆ. ನೀರು ನಿಂತ ಕಡೆ ಅಂತರ್ಜಲ ಮೇಲೇರಿತು. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯಿತು. ನೆರೆಯ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಉಪ್ಪುಮಣ್ಣು ಮತ್ತು ಜವಳು ನೆಲದ ಕುರಿತೇ ಅಖಿಲ ಭಾರತ ಮಟ್ಟದ ಯೋಜನೆಯೊಂದು ನಡೆಯುತ್ತಿರುವುದಕ್ಕೆ ಕಾರಣ ಇದೇ. ಹೊಲದ ಈ ಕಥೆ ಹಿತ್ತಲಿಗೂ ಸೇರಿದ್ದು. ಸಿಂಧನೂರಿನ ಹೊಸ ಬಡಾವಣೆಗಳಲ್ಲಿ ಅನೇಕ ಮನೆಗಳು ನಿಂತಿರುವುದು ನಿನ್ನೆ ಮೊನ್ನೆಯವರೆಗೆ ಭತ್ತದ ಗದ್ದೆಯಾಗಿದ್ದ ನೆಲದ ಮೇಲೆ.

ಆಡುಮಾತಿನ ಸವಳು, ಅಥವಾ ಚೌಳು, ಎಂಬ ಒಂದೇ ಪದದಲ್ಲಿ ಎರಡು ಬೇರೆ ಬೇರೆ ರೋಗಗಳು ಅಡಗಿವೆ. ಕೃಷಿ ಪಠ್ಯಗಳು ಇವನ್ನು ಲವಣಯುಕ್ತ ಮಣ್ಣು, ಕ್ಷಾರಯುಕ್ತ ಮಣ್ಣು ಎಂದು ಬೇರ್ಪಡಿಸುತ್ತವೆ. ಮೊದಲನೆಯದರಲ್ಲಿ ಕರಗುವ ಉಪ್ಪು ಹೆಚ್ಚು; ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಹೆಪ್ಪು ಕಾಣುತ್ತದೆ, ಮಣ್ಣು ಉದುರುದುರಾಗಿಯೇ ಇರುತ್ತದೆ, ಆದರೆ ಗಿಡಕ್ಕೆ ನೀರು ಹೀರಲಾಗದು. ಎರಡನೆಯದರಲ್ಲಿ ಜೇಡಿಯ ಕಣಗಳಿಗೆ ಸೋಡಿಯಂ ಅಂಟಿಕೊಂಡಿರುತ್ತದೆ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುವ ಜಾತಿಯದು. ಕ್ಯಾಲ್ಸಿಯಂ ಇದ್ದಾಗ ಅದರ ಕಣಗಳು ಗುಂಪು ಕಟ್ಟಿ ನಡುವೆ ಗಾಳಿಗೆ, ನೀರಿಗೆ ಸಂದು ಬಿಡುತ್ತವೆ. ಸೋಡಿಯಂ ಹೆಚ್ಚಾದಾಗ ಒಂದನ್ನೊಂದು ತಳ್ಳಿ ಬಿಡಿಬಿಡಿಯಾಗಿ ನೀರಿನಲ್ಲಿ ತೇಲಿ, ಸಂದುಗಳಿಗೆ ಇಳಿದು, ಬಾಗಿಲು ಹಾಕಿಬಿಡುತ್ತವೆ. ಮಾಳಿಗೆಯ ಮೇಲೆ ಕೆಲಸಕ್ಕೆ ಬರುತ್ತಿದ್ದದ್ದು ಈ ಎರಡನೆಯ ಗುಣ. ಮಣ್ಣುವಿಜ್ಞಾನ ಇದಕ್ಕೆ ಹೆಸರಿಡುವ ಮೊದಲೇ ಇಲ್ಲಿನ ಮನೆಕಟ್ಟುವವರು ಅದನ್ನು ಗುರುತಿಸಿ, ಆರಿಸಿ, ಬಳಸಿದ್ದರು. ಈ ತಿಳಿವಳಿಕೆ ಕೃಷಿ ಪುಸ್ತಕಗಳಿಗೆ ಸೇರದೆ ಉಳಿದದ್ದು ನಮ್ಮ ನಷ್ಟ ಎಂದೇ ನನ್ನ ಭಾವನೆ. ಸವಳಿನ ಗುಣವನ್ನು ಕೈಯಿಂದಲೇ ಬಲ್ಲ ಕೊನೆಯ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಕೈತೋಟ ಮಾಡಹೊರಟವರು ಮೊದಲು ಆ ಅಜ್ಜ ಅಜ್ಜಿಯರನ್ನು ಹಿತ್ತಲಿಗೆ ಕರೆದು ಮಣ್ಣು ತೋರಿಸಿ ಕೇಳುವುದು ಒಳ್ಳೆಯದು.

ಕೇಳಿ ತಿಳಿದದ್ದನ್ನು ಒರೆಹಚ್ಚಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಆಸ್ಟ್ರೇಲಿಯಾದ ವಿಜ್ಞಾನಿ ಎಮರ್ಸನ್ 1967ರಲ್ಲಿ ವಿವರಿಸಿದ ಕ್ರಮವನ್ನು ಸರಳ ಮಾಡಿ ಹೇಳುತ್ತೇನೆ. ಪಾರದರ್ಶಕ ಲೋಟದಲ್ಲಿ ಮಳೆನೀರು, ಇಲ್ಲವೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಶುದ್ಧ ನೀರು ತುಂಬಬೇಕು. ಹಿತ್ತಲಲ್ಲಿ ಗೇಣುದ್ದ ಕೆಳಗಿನಿಂದ ತೆಗೆದು ನೆರಳಲ್ಲಿ ಒಣಗಿಸಿದ ಜೋಳದ ಕಾಳಿನಷ್ಟು ಹೆಂಟೆಯನ್ನು ಮೆಲ್ಲಗೆ ಅದರಲ್ಲಿ ಬಿಡಬೇಕು. ಅಲುಗಾಡಿಸಬಾರದು. ಎರಡು ತಾಸಾದ ಮೇಲೆ ಒಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಬೇಕು. ಹೆಂಟೆ ಕುಸಿದು ತಳದಲ್ಲಿ ಕುಳಿತು ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಎರೆಮಣ್ಣು ಕುಸಿಯುವುದು ಸಹಜ. ಹೆಂಟೆಯ ಸುತ್ತ ಹಾಲು ಚೆಲ್ಲಿದಂತೆ ಮಬ್ಬು ಎದ್ದು, ಮರುದಿನವೂ ಇಳಿಯದೆ ಲೋಟವಿಡೀ ಕದಡಿದ್ದರೆ ಅದು ಮಾಳಿಗೆಯ ಮಣ್ಣು. ಎಚ್ಚರದ ಮಾತೊಂದು: ಉಪ್ಪು ಬಹಳ ಹೆಚ್ಚಿರುವ ಮಣ್ಣಿನಲ್ಲಿ ಆ ಉಪ್ಪೇ ಕಣಗಳನ್ನು ಹಿಡಿದಿಟ್ಟಿರುತ್ತದೆ. ಆಗ ಲೋಟ ತಿಳಿಯಾಗಿ ಕಂಡು ನಮ್ಮನ್ನು ತಪ್ಪುದಾರಿಗೆ ಎಳೆಯಬಹುದು. ಬಿಳಿ ಹೆಪ್ಪು ಕಾಣುವ ಕಡೆ ಲೋಟದ ಮಾತನ್ನು ಒಂದೇ ನಂಬದೆ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಮಾದರಿ ಕೊಡಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವಾಗಲಿ ಕೃಷಿ ವಿಜ್ಞಾನ ಕೇಂದ್ರವಾಗಲಿ ಈ ಮೂರೂ ಊರುಗಳಿಗೆ ದೂರವಲ್ಲ. ಹಿತ್ತಲ ಮಣ್ಣನ್ನು ಪರೀಕ್ಷೆಗೆ ಒಯ್ಯಲು ಯಾರೂ ಸಂಕೋಚಪಡಬೇಕಿಲ್ಲ.

ಮಣ್ಣು ಕದಡಿದರೆ ಜಿಪ್ಸಮ್. ಇದು ಕ್ಯಾಲ್ಸಿಯಂ ಸಲ್ಫೇಟು. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ನೀರಿನ ಜತೆ ಕೆಳಗೆ ಇಳಿಯುತ್ತದೆ. ಗಣಿಯಿಂದ ತೆಗೆದ ನೈಸರ್ಗಿಕ ಜಿಪ್ಸಮನ್ನು ಸಾವಯವ ಮಾನದಂಡಗಳು ಒಪ್ಪುತ್ತವೆ, ಹಾಗಾಗಿ ಮನಸ್ಸಿಗೆ ಅಳುಕು ಬೇಡ. ಎಷ್ಟು ಹಾಕಬೇಕೆಂದು ಪರೀಕ್ಷೆಯ ಚೀಟಿ ಹೇಳಬೇಕು. ಆ ಚೀಟಿ ಹೊಲದ ಲೆಕ್ಕದಲ್ಲಿ ಬರುತ್ತದೆ: ಹೆಕ್ಟೇರಿಗೆ 5 ಟನ್ ಎಂದಿದ್ದರೆ ಹಿತ್ತಲಲ್ಲಿ ಅದು ಒಂದು ಚದರ ಮೀಟರಿಗೆ ಅರ್ಧ ಕಿಲೊ. ಇಳಿದ ಸೋಡಿಯಂ ಹೋಗಲು ದಾರಿ ಇರಬೇಕು. ಬಸಿಗಾಲುವೆ ಇಲ್ಲದ ತಗ್ಗಿನಲ್ಲಿ ಜಿಪ್ಸಮ್ ಹಾಕಿ ಕುಳಿತರೆ ಫಲವಿಲ್ಲ. ತಗ್ಗಿನಲ್ಲಿರುವ ಮನೆಯವರು ನೆಲವನ್ನು ಕೆದಕುವ ಬದಲು ಮೊಣಕಾಲೆತ್ತರದ ಏರುಮಡಿ ಕಟ್ಟಿ, ಬೇರೆ ಕಡೆಯ ಮಸಾರಿ ಮಣ್ಣು ತುಂಬಿಕೊಳ್ಳುವುದು ಜಾಣತನ. ಜಾಗವಿದ್ದು ಅವಸರವಿಲ್ಲದವರು ಒಂದು ಮುಂಗಾರಿಗೆ ಡಯಾಂಚ ಬಿತ್ತಿ, 45 ದಿನಕ್ಕೆ ಹೂ ಕಟ್ಟುವ ಮೊದಲು ಮಣ್ಣಿಗೆ ಮುಚ್ಚಿಬಿಡಲಿ. ಸವಳಿನಲ್ಲೂ ನೀರು ನಿಂತ ನೆಲದಲ್ಲೂ ಬದುಕುವ ಈ ಹಸಿರೆಲೆ ಗಿಡ ಮಣ್ಣಿನ ಬಾಗಿಲನ್ನು ಬೇರಿನಿಂದ ತೆರೆಯುತ್ತದೆ.

ಇನ್ನು ನೀರು. ಇದೇ ನನ್ನ ಮುಖ್ಯ ಮಾತು, ಇದರಲ್ಲಿಯೇ ಒಳ್ಳೆಯ ಮನಸ್ಸಿನ ತಪ್ಪುಗಳು ಹೆಚ್ಚು ನಡೆಯುತ್ತವೆ.

ಉತ್ತರ ಕರ್ನಾಟಕದ ಹಿತ್ತಲು ಎಂದರೆ ಬಚ್ಚಲ ಮೋರಿಯ ತುದಿ. ಬಚ್ಚಲಿನಿಂದ ಹರಿದ ನೀರು ಒಂದು ಬಾಳೆ, ಒಂದು ಕರಿಬೇವು, ನುಗ್ಗೆ, ಬಸಳೆ ಬಳ್ಳಿಗಳನ್ನು ಸಾಕುತ್ತಿತ್ತು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಮನೆತೋಟ ಉಳಿದು ಬಂದದ್ದು ಈ ಎರಡನೇ ಬಳಕೆಯ ನೀರಿನಿಂದ. ಆಗ ಆ ನೀರಿನಲ್ಲಿ ಇದ್ದದ್ದು ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು, ಪಾತ್ರೆ ತಿಕ್ಕಿದ ಬೂದಿ. ಈಗಿನ ಬಟ್ಟೆಸೋಪಿನ ಪುಡಿಯಲ್ಲಿ ಸೋಡಿಯಂ ಕಾರ್ಬೊನೇಟ್, ಸೋಡಿಯಂ ಸಲ್ಫೇಟ್ ಮುಂತಾದ ಸೋಡಿಯಂ ಲವಣಗಳೇ ದೊಡ್ಡ ಪಾಲು. ಮೋರಿಯ ದಾರಿ ಬದಲಾಗಿಲ್ಲ, ಮೋರಿಯಲ್ಲಿ ಹರಿಯುವ ವಸ್ತು ಬದಲಾಗಿದೆ. ಹಿರಿಯರು ಮಾಡುತ್ತಿದ್ದರೆಂದು ಬಟ್ಟೆ ಒಗೆದ ನೀರನ್ನು ದಿನವೂ ಎರೆಮಣ್ಣಿಗೆ ಬಿಟ್ಟರೆ ಎರಡು ಮೂರು ವರ್ಷಗಳಲ್ಲಿ ಒಳ್ಳೆಯ ಹಿತ್ತಲೂ ಸವಳಾಗಬಲ್ಲದು. ಸ್ನಾನದ ನೀರು, ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಇವನ್ನು ಬೇರೆ ಹಾದಿಯಲ್ಲಿ ತೋಟಕ್ಕೆ ತಿರುಗಿಸಿ, ಬಟ್ಟೆಯ ನೀರನ್ನು ಚರಂಡಿಗೆ ಬಿಡಬೇಕು. ಮೋರಿ ಒಂದೇ ಇದ್ದರೆ ಅಡ್ಡ ಕಲ್ಲಿಟ್ಟು ನೀರಿನ ದಿಕ್ಕು ಬದಲಿಸುವ ಹಳೆಯ ಉಪಾಯ ಸಾಕು.

ಇದಕ್ಕಿಂತ ಹೊಸ ತಪ್ಪು ಆರ್‌ಒ ಯಂತ್ರದ ಹೊರನೀರಿನದು. ಈ ಯಂತ್ರ ಕುಡಿಯಲು ಒಂದು ಪಾಲು ನೀರು ಕೊಟ್ಟು, ಆ ನೀರಿನ ಉಪ್ಪನ್ನೆಲ್ಲ ಉಳಿದ ಪಾಲಿಗೆ ಸೇರಿಸಿ ಕೊಳವೆಯಿಂದ ಹೊರಹಾಕುತ್ತದೆ. ನೀರು ಪೋಲಾಗಬಾರದೆಂಬ ಕಾಳಜಿಯಿಂದ ಅನೇಕ ಮನೆಗಳಲ್ಲಿ ಅದನ್ನು ಬಕೆಟ್ಟಿಗೆ ಹಿಡಿದು ಕುಂಡಗಳಿಗೆ ಹಾಕುತ್ತಾರೆ. ಕುಂಡದಲ್ಲಿ ಉಪ್ಪು ಇಳಿದುಹೋಗಲು ಜಾಗವೇ ಇಲ್ಲ. ಎಲೆಯ ಅಂಚು ಸುಟ್ಟಂತೆ ಕಂದುಬಣ್ಣಕ್ಕೆ ತಿರುಗಿದಾಗ ಬಿಸಿಲಿನ ಕಾಟವೆಂದೋ ಗೊಬ್ಬರ ಸಾಲದೆಂದೋ ತಿಳಿದು ಇನ್ನಷ್ಟು ಗೊಬ್ಬರ ಹಾಕುತ್ತಾರೆ. ಆ ನೀರು ನೆಲ ಒರೆಸಲು, ಶೌಚಾಲಯಕ್ಕೆ ಸರಿ, ಗಿಡಕ್ಕೆ ಬೇಡ.

ಕೊಳವೆಬಾವಿಯ ನೀರನ್ನು ಅಳೆದು ನೋಡಬಹುದು. ನೀರಿನ ಉಪ್ಪನ್ನು ವಿದ್ಯುತ್ ವಾಹಕತೆಯಿಂದ ಅಳೆಯುವುದು ವಾಡಿಕೆ, ಮೀಟರಿಗೆ 0.7 ಡೆಸಿಸೀಮನ್ಸ್ ಒಳಗಿದ್ದರೆ ಯಾವ ಬೆಳೆಗೂ ತೊಂದರೆಯಿಲ್ಲ, 3 ದಾಟಿದರೆ ಬಹಳ ಎಚ್ಚರ ಬೇಕು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಕೊಟ್ಟ ಮಾರ್ಗಸೂಚಿ. ಸಣ್ಣ ಕೈಮೀಟರುಗಳು ಈಗ ದುಬಾರಿಯಲ್ಲ, ಓಣಿಗೆ ಒಂದಿದ್ದರೂ ಸಾಕು. ಲಿಂಗಸುಗೂರಿನ ಕಡೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಬಂಡೆಯಲ್ಲಿ ಚಿನ್ನದ ಜತೆ ಆರ್ಸೆನಿಕ್ ಇರುವ ಖನಿಜವೂ ಇದೆ. ಆ ಭಾಗದ ಕೆಲವು ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಇರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಸೊಪ್ಪು, ಗೆಡ್ಡೆಗಳು ನೀರಿನ ಆರ್ಸೆನಿಕ್ಕನ್ನು ತಮ್ಮೊಳಗೆ ತೆಗೆದುಕೊಳ್ಳಬಲ್ಲವು. ರಾಸಾಯನಿಕ ಹಾಕದಿದ್ದರೆ ಬೆಳೆ ಶುದ್ಧ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಮಕ್ಕಳಿಗೆ ಉಣಿಸಲೆಂದು ಬೆಳೆಯುವ ಸೊಪ್ಪಿಗೆ ಯಾವ ನೀರು ಎಂಬುದನ್ನು ಪ್ರಯೋಗಾಲಯದ ಚೀಟಿ ನೋಡಿಯೇ ನಿರ್ಧರಿಸಬೇಕು.

ಗೊಬ್ಬರಕ್ಕೆ ಬರೋಣ. ಈ ನೆಲದಲ್ಲಿ ಹೆಂಡಿಯ ಇತಿಹಾಸ ಬಹಳ ಹಳೆಯದು. ಮುದಗಲ್ಲಿಗೆ ಹತ್ತಿರದ ಪಿಕ್ಲಿಹಾಳದಲ್ಲಿ 1952ರಲ್ಲಿ ಉತ್ಖನನ ನಡೆಸಿದ ಎಫ್. ಆರ್. ಆಲ್ಚಿನ್, ಮುಂದೆ ಕೃಷ್ಣೆಯಾಚೆಯ ಉಟ್ನೂರಿನಲ್ಲಿ ಅಗೆದು, ದಕ್ಷಿಣ ಭಾರತದ ಬೂದಿದಿಬ್ಬಗಳು ನವಶಿಲಾಯುಗದ ದನದ ದೊಡ್ಡಿಗಳಲ್ಲಿ ಶೇಖರವಾಗಿ ಸುಟ್ಟ ಸೆಗಣಿಯ ರಾಶಿಗಳೆಂದು ಸ್ಥಾಪಿಸಿದರು. ಸಾವಿರಾರು ವರ್ಷಗಳ ಹಿಂದೆ ಇಲ್ಲಿ ದನ ಸಾಕಿದವರಿಗೆ ಹೆಂಡಿಯ ಕೊರತೆ ಇರಲಿಲ್ಲ. ಅದನ್ನು ಅವರು ಹೊಲಕ್ಕೆ ಹಾಕುತ್ತಿದ್ದರೇ ಎಂಬುದನ್ನು ಬೂದಿದಿಬ್ಬ ಹೇಳುವುದಿಲ್ಲ. ಸುಟ್ಟಿದ್ದರು ಎಂಬುದನ್ನಷ್ಟೆ ಹೇಳುತ್ತದೆ. ಅದೇ ಕಾಲದ ದಕ್ಷಿಣದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಗುರುತಿಸಿದಾಗ ಮುಖ್ಯವಾಗಿ ಕಂಡದ್ದು ಹುರುಳಿ, ಹೆಸರು, ಕೊರಲೆಯಂಥ ಸಿರಿಧಾನ್ಯ. ಮೂರೂ ಕಡಿಮೆ ನೀರು ಬೇಡುವಂಥವು. ಹಿತ್ತಲ ಖಾಲಿ ಮಡಿಯಲ್ಲಿ ಹುರುಳಿ, ಹೆಸರು ಚೆಲ್ಲಿ ನೆಲ ಮುಚ್ಚುವವರಿಗೆ ಇದು ನೆನಪಿರಲಿ.

ಹಳೆಯದೆಲ್ಲ ಸಾವಯವ, ಆದ್ದರಿಂದ ಹಳೆಯದನ್ನು ಹಾಗೆಯೇ ಮಾಡಬೇಕು ಎಂಬ ಮಾತಿಗೆ ನಾನು ಒಪ್ಪಲಾರೆ. 1025ರಲ್ಲಿ ಚಾಲುಕ್ಯ ದೊರೆ ಜಯಸಿಂಹನ ಆಸ್ಥಾನದಲ್ಲಿ ಚಾವುಂಡರಾಯ ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಭಾಗವೇ ಇದೆ. ಅದೇ ಜಯಸಿಂಹನ ಆಳ್ವಿಕೆಯಲ್ಲಿ ಮಸ್ಕಿ, ಶಾಸನಗಳ ಪಿರಿಯ ಮೊಸಂಗಿ, ದೊಡ್ಡ ಊರಾಗಿತ್ತು. ಈ ಎರಡನ್ನು ಜೋಡಿಸಿ ಮೊಸಂಗಿಯ ಹಿತ್ತಲುಗಳಲ್ಲಿ ವೃಕ್ಷಾಯುರ್ವೇದ ನಡೆಯುತ್ತಿತ್ತು ಎನ್ನುವ ಆಸೆ ನನಗೂ ಆದದ್ದುಂಟು. ಆದರೆ ಆಸ್ಥಾನದ ಗ್ರಂಥ ಹಿತ್ತಲಿಗೆ ಸಾಕ್ಷಿಯಾಗದು.

ಸಾವಯವ ಎಂಬ ಇಂದಿನ ವಿಚಾರದ ಒಂದು ಬೇರು ಮಾತ್ರ ನಮ್ಮಂಥದೇ ನೆಲದಲ್ಲಿದೆ, ಇದಕ್ಕೆ ಖಚಿತ ದಾಖಲೆಯೂ ಇದೆ. ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿ ನಡೆಸಿದ ಪ್ರಯೋಗಗಳು ಹತ್ತಿ ಬೆಳೆಯುವ ಕರಿಮಣ್ಣಿನ ಮಾಳವದವು. ಯಶವಂತ ವಾಡ್ ಅವರೊಂದಿಗೆ 1931ರಲ್ಲಿ ಅವರು ಪ್ರಕಟಿಸಿದ ಇಂದೋರ್ ಪದ್ಧತಿಯ ಕಾಂಪೋಸ್ಟು ಹುಟ್ಟಿದ್ದು ಹತ್ತಿಕಟ್ಟಿಗೆ, ಸೆಗಣಿ, ಗಂಜಲದ ಮಣ್ಣು, ಸ್ವಲ್ಪ ಬೂದಿ ಇವುಗಳಿಂದ. ಗಟ್ಟಿ ಕಟ್ಟಿಗೆಯನ್ನು ಗಾಡಿ ಓಡಾಡುವ ದಾರಿಯಲ್ಲಿ ಹಾಸಿ, ಚಕ್ರದಡಿ ಜಜ್ಜಿಸಿ, ಆಮೇಲೆ ಗುಂಡಿಗೆ ಹಾಕುತ್ತಿದ್ದರು. ಮಸ್ಕಿ, ಲಿಂಗಸುಗೂರಿನ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆಗೆ ಈ ಉಪಾಯ ಇಂದಿಗೂ ಹೊಂದುತ್ತದೆ.

ಸಿಂಧನೂರಿನಲ್ಲಿ ಸಿಗುವುದು ಭತ್ತದ ಹುಲ್ಲು ಮತ್ತು ಅಕ್ಕಿ ಗಿರಣಿಯ ಹೊಟ್ಟು. ಹುಲ್ಲಿನಲ್ಲಿ ಸಾರಜನಕಕ್ಕಿಂತ ಇಂಗಾಲ 60ರಿಂದ 80 ಪಟ್ಟು ಹೆಚ್ಚು. ಹೆಂಡಿ ಸೇರಿಸದೆ ಬರೀ ಹುಲ್ಲನ್ನು ಮಣ್ಣಿಗೆ ಮುಚ್ಚಿದರೆ ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ತಿಂದು ಗಿಡ ಬಿಳಿಚುತ್ತದೆ. ಹುಲ್ಲನ್ನು ಮಣ್ಣಿನ ಮೇಲೆ ಹೊದಿಕೆಯಾಗಿ ಹಾಸುವುದೇ ಮೊದಲ ವರ್ಷಕ್ಕೆ ಉತ್ತಮ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಆ ಹೊದಿಕೆ ನೀರು ಆರದಂತೆ, ಉಪ್ಪು ಮೇಲೇರದಂತೆ ಕಾಯುತ್ತದೆ. ಹೊಟ್ಟಿನಲ್ಲಿ ಸಿಲಿಕ ಹೆಚ್ಚು, ಕೊಳೆಯಲು ವರ್ಷಗಳೇ ಬೇಕು. ಬಿಗಿಯಾದ ಎರೆಮಣ್ಣನ್ನು ಸಡಿಲಿಸಲು ಒಂದು ಪಾಲು ಬೆರೆಸಬಹುದು. ಒಲೆಯ ಬೂದಿಯನ್ನು ಕೈಬಿಚ್ಚಿ ಹಾಕಬಾರದು. ಹುಳಿಮಣ್ಣಿನ ಮಲೆನಾಡಿನಲ್ಲಿ ಬೂದಿ, ಸುಣ್ಣ ಹಾಕುವ ಸಲಹೆ ಸರಿ. ಇಲ್ಲಿಯ ಮಣ್ಣು ಮೊದಲೇ ಕ್ಷಾರದ ಕಡೆ ವಾಲಿದೆ, ಅಗೆದರೆ ಸುಣ್ಣದ ಹರಳುಗಳೇ ಸಿಗುತ್ತವೆ. ಅಂಥ ಮಣ್ಣಿನಲ್ಲಿ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರ ಅದನ್ನು ಗಿಡಕ್ಕೆ ಬಿಟ್ಟುಕೊಡುವುದಿಲ್ಲ. ಕಳಿತ ತಿಪ್ಪೆಗೊಬ್ಬರವೇ ಅದಕ್ಕೆ ನಿಧಾನದ ಮದ್ದು. ಎರೆಹುಳು ಸಾಕುವವರು ತೊಟ್ಟಿಯನ್ನು ಬೇವಿನ ನೆರಳಿಗೆ ಇಡಬೇಕು; 35 ಡಿಗ್ರಿ ಮೀರಿದರೆ ಹುಳು ಉಳಿಯುವುದು ಕಷ್ಟ.

ಬೆಳೆಯ ಆಯ್ಕೆಯಲ್ಲಿ ಇಲ್ಲಿಯ ಊಟವೇ ದಾರಿ ತೋರಿಸುತ್ತದೆ. ಮಣ್ಣಿನ ಉಪ್ಪು ಎಷ್ಟಾದಾಗ ಇಳುವರಿ ಇಳಿಯತೊಡಗುತ್ತದೆ ಎಂಬ ಪ್ರಕಟಿತ ಕೋಷ್ಟಕಗಳ ಪ್ರಕಾರ ಬೀನ್ಸ್ ಮತ್ತು ಗಜ್ಜರಿ 1 ಡೆಸಿಸೀಮನ್ಸಿಗೇ ಸೋಲುತ್ತವೆ, ಉಳ್ಳಾಗಡ್ಡಿ 1.2ಕ್ಕೆ, ಟೊಮೆಟೊ 2.5ಕ್ಕೆ, ಅಲಸಂದೆ 4.9ರವರೆಗೆ ತಡೆಯುತ್ತದೆ, ಚವಳಿಕಾಯಿ 8.8ರವರೆಗೆ. ಪೇಟೆಯ ಬೀಜದ ಪೊಟ್ಟಣದಲ್ಲಿ ಮೊದಲು ಸಿಗುವ ಬೀನ್ಸಿಗಿಂತ ಅಜ್ಜಿ ಬಿತ್ತುತ್ತಿದ್ದ ಚವಳಿ ಈ ನೆಲಕ್ಕೆ ಎಷ್ಟು ಹೆಚ್ಚು ಹೊಂದುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಲ್ಲಿ ಚೌಳಿಕಾಯಿ ಎಂಬ ಉಚ್ಚಾರ ಕೇಳಿ, ಚೌಳಿನಲ್ಲಿ ಬೆಳೆಯುವುದರಿಂದ ಚೌಳಿ ಎಂದು ವ್ಯುತ್ಪತ್ತಿ ಹೇಳುವವರಿದ್ದಾರೆ. ಕಿವಿಗೆ ಹಿತವಾದರೂ ಒಪ್ಪಲು ಆಧಾರ ಸಾಲದು: ಮರಾಠಿಯಲ್ಲಿ ಚವಳಿ ಎಂದರೆ ಅಲಸಂದೆ, ಹೆಸರು ಅತ್ತಲಿಂದ ಬಂದು ಬೇರೆ ಕಾಯಿಗೆ ಅಂಟಿರುವ ಸಾಧ್ಯತೆ ಹೆಚ್ಚು. ಚವಳಿ, ಅಲಸಂದೆ, ಪುಂಡಿಪಲ್ಯ, ರಾಜಗಿರಿ, ಬೇಲಿಗೊಂದು ನುಗ್ಗೆ. ಮೊದಲ ಮುಂಗಾರಿಗೆ ಇಷ್ಟು ಸಾಕು. ಮುಳ್ಳುಬದನೆ, ಟೊಮೆಟೊ ಎರಡನೇ ವರ್ಷಕ್ಕೆ ಇರಲಿ.

ಕೀಟಕ್ಕೆ ಬೇವಿನ ಬೀಜದ ಕಷಾಯ ಎಲ್ಲರಿಗೂ ಗೊತ್ತು: ಲೀಟರಿಗೆ 50 ಗ್ರಾಂ ಬೀಜದ ಪುಡಿ, ರಾತ್ರಿಯಿಡೀ ನೆನೆಸಿ, ಸೋಸಿ ಸಿಂಪಡಿಸುವುದು. ಅದು ಇಲ್ಲಿ ಕೆಲವೊಮ್ಮೆ ಕೈಕೊಡಲು ಕಾರಣವೂ ನೀರೇ. ಬೇವಿನ ಮುಖ್ಯ ಸಾರವಾದ ಅಜಾಡಿರಾಕ್ಟಿನ್ ಬಿಸಿಲಿನಲ್ಲೂ ಕ್ಷಾರದ ನೀರಿನಲ್ಲೂ ಬೇಗ ಒಡೆಯುತ್ತದೆ. ಮಳೆನೀರಿನಲ್ಲಿ ನೆನೆಸಿ, ಸಂಜೆ ಸಿಂಪಡಿಸಿದರೆ ಅದೇ ಬೀಜ ಕೆಲಸ ಮಾಡುತ್ತದೆ. ಗದ್ದೆಯ ಅಂಚಿನ ಮನೆಗಳಿಗೆ ಇನ್ನೊಂದು ತೊಡಕಿದೆ. ಭತ್ತದ ಕಳೆಗೆ ಹೊಡೆಯುವ 2,4-ಡಿ ಗಾಳಿಯಲ್ಲಿ ಹಾರಿ ಬಂದರೆ ಟೊಮೆಟೊ, ಹತ್ತಿ, ಬದನೆಯ ಎಲೆಗಳು ಸೀಳಿದಂತೆ ಕಿರಿದಾಗಿ ಸುರುಟಿಕೊಳ್ಳುತ್ತವೆ. ಇದನ್ನು ಮುಟುರು ರೋಗವೆಂದು ತಿಳಿದು ಕಷಾಯದ ಮೇಲೆ ಕಷಾಯ ಹೊಡೆಯುವವರಿದ್ದಾರೆ. ಗದ್ದೆಯ ಕಡೆಗೆ ಎತ್ತರದ ಜೋಳದ ಸಾಲೋ ಗ್ಲಿರಿಸಿಡಿಯಾ ಬೇಲಿಯೋ ಇದ್ದರೆ ಸ್ವಲ್ಪ ತಡೆ. ಕಳೆನಾಶಕ ಹೊಡೆಯುವ ದಿನ ಯಾವುದೆಂದು ನೆರೆಯ ರೈತರನ್ನು ಕೇಳಿಟ್ಟುಕೊಂಡು, ಆ ದಿನ ಮಡಿಗೆ ಹಳೆಯ ಸೀರೆ ಹೊದಿಸುವುದು ಅದಕ್ಕಿಂತ ಖಾತ್ರಿ.

ನವರಾತ್ರಿಯಲ್ಲಿ ಈ ಸೀಮೆಯ ಮನೆಗಳು ಘಟ ಹಾಕುತ್ತವೆ. ಹೊಲದ ಮಣ್ಣಿನಲ್ಲಿ ಕಾಳು ಬಿತ್ತಿ ಒಂಬತ್ತು ದಿನ ನೀರೆರೆದು ಸಸಿ ನೋಡುತ್ತಾರೆ. ಇದನ್ನು ಬೀಜಪರೀಕ್ಷೆ ಎಂದು ಓದುವುದು ನನ್ನ ಓದು, ಹಬ್ಬದ ಅರ್ಥ ಅಷ್ಟೇ ಅಲ್ಲವೆಂದು ಬಲ್ಲೆ. ಆದರೂ ಹಬ್ಬ ಕಲಿಸಿದ ಕೈಚಳಕವನ್ನು ಬೇರೆ ದಿನಗಳಲ್ಲಿ ಹೀಗೆ ಬಳಸಬಹುದು: ಹಿತ್ತಲ ಮಣ್ಣು ತುಂಬಿದ ಎರಡು ತಟ್ಟೆ, ಎರಡಕ್ಕೂ ಎಣಿಸಿದ 20 ಹೆಸರುಕಾಳು, ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ನಲ್ಲಿಯ ಅಥವಾ ಕೊಳವೆಬಾವಿಯ ನೀರು. ಒಂಬತ್ತನೇ ದಿನ ಎರಡರ ಸಸಿ ಎಣಿಸಿ, ಎತ್ತರ ಅಳೆದರೆ ತೊಂದರೆ ನೀರಿನಲ್ಲೋ ಮಣ್ಣಿನಲ್ಲೋ ಗೊತ್ತಾಗುತ್ತದೆ. ಎರಡೂ ತಟ್ಟೆ ಸೋತರೆ ಮಣ್ಣು. ಒಂದೇ ಸೋತರೆ ನೀರು.

ಉಪ್ಪು ನೀರೊಂದೇ ಗತಿಯಾದವರಿಗೆ ಮಡಕೆಯ ದಾರಿ ಉಳಿದಿದೆ. ಬಣ್ಣ ಹಚ್ಚದ, ಸುಟ್ಟ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತ ನಾಲ್ಕು ಬಳ್ಳಿ ನೆಡುವುದು. ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯಲ್ಲಿ ಆರ್. ಸಿ. ಮಂಡಲ್ 1970ರ ದಶಕದಲ್ಲಿ ಇದನ್ನು ಉಪ್ಪು ನೀರಿನಿಂದಲೇ ಮಾಡಿ ತರಕಾರಿ ಬೆಳೆದು ತೋರಿಸಿದರು. ಗಡಿಗೆಯ ಸುತ್ತ ಮಣ್ಣು ಸದಾ ತೇವವಾಗಿರುವುದರಿಂದ ಉಪ್ಪು ಬೇರಿನಿಂದ ದೂರಕ್ಕೆ, ತೇವದ ಅಂಚಿಗೆ ಸರಿಯುತ್ತದೆ. ನಮ್ಮ ಕುಂಬಾರರ ಗಡಿಗೆ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಮಾಳಿಗೆಗೇ ಮರಳುತ್ತೇನೆ. ಸವಳು ಹಾಸಿದ ಮಾಳಿಗೆಗಳು ಹೋಗಿ ಆರ್‌ಸಿಸಿ ಬಂದಿದೆ. ಐವತ್ತು ಚದರ ಮೀಟರ್ ಆರ್‌ಸಿಸಿ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದರೆ 30,000 ಲೀಟರ್. ಆರಿದ್ದು, ಚೆಲ್ಲಿದ್ದು ಕಳೆದರೂ 24,000 ಲೀಟರಿನಷ್ಟು ಕೈಗೆ ಸಿಗುತ್ತದೆ. ಈ ಸೀಮೆಯಲ್ಲಿ ಇಷ್ಟು ಕಡಿಮೆ ಸೋಡಿಯಂ ಇರುವ ನೀರು ಬೇರೊಂದಿಲ್ಲ. ಎಲ್ಲವನ್ನೂ ಕೂಡಿಡಲು ಜಾಗ ಎಲ್ಲರಿಗೂ ಇಲ್ಲ. 2,000 ಲೀಟರಿನ ಒಂದು ಟಾಕಿ ಇದ್ದರೆ, ಹತ್ತಕ್ಕೆ ಹತ್ತು ಅಡಿಯ ಮಡಿಗೆ ದಿನಕ್ಕೆ 45 ಲೀಟರಿನಂತೆ ಆರು ವಾರ ಬರುತ್ತದೆ. ಗಿಡ ಉಪ್ಪಿಗೆ ಅತಿ ಹೆಚ್ಚು ಹೆದರುವುದು ಮೊಳಕೆಯಲ್ಲಿ ಮತ್ತು ಎಳೆಯ ಸಸಿಯಲ್ಲಿ. ಮೊದಲ ಮಳೆಗೆ ಮಾಳಿಗೆಯ ಧೂಳು ತೊಳೆದುಹೋಗಲು ಬಿಟ್ಟು, ಎರಡನೆಯದರಿಂದ ಟಾಕಿಗೆ ತಿರುಗಿಸಿ, ಆ ನೀರನ್ನು ಸಸಿಮಡಿಗೆಂದೇ ಮೀಸಲಿಡಬೇಕು. ಚವಳಿ ನಾಲ್ಕೆಲೆ ಬಿಟ್ಟ ಮೇಲೆ ಕೊಳವೆಬಾವಿಯ ನೀರು ಕೊಟ್ಟರೂ ನಡೆಯುತ್ತದೆ.